ಅಳಿಲವ್ವನ ಒಂದೇ ಕಡಲೆಕಾಯಿ

ಮುದಿ ಹುಣಸೆಮರದ ಪೊಟರೆಯಲ್ಲಿ ಅಳಿಲವ್ವ ತನ್ನ ಕಾಳುಕಡ್ಡಿ ಇಡುತ್ತಿದ್ದಳು. ಎದುರಿಗೆ ಕೆಂಪೆಲೆ ಉಟ್ಟು ಬೀಗುತ್ತಿದ್ದ ಬಾದಾಮಿಮರ ಒಂದು ದಿನ ಅವಳನ್ನು ಕರೆಯಿತು.

"ಆ ಮುದುಕಿಯನ್ನು ಬಿಟ್ಟು ನನ್ನ ಪೊಟರೆಗೆ ಬಾ. ಅಮಾವಾಸ್ಯೆವರೆಗೆ ದಿನಾ ಒಂದು ಕಡಲೆಕಾಯಿ ತಂದು ಹಾಕು, ಆಮೇಲೆ ಅವಳ ಪೊಟರೆ ಮುಚ್ಚಿಬಿಡು. ಬೊಗಸೆ ಬಾದಾಮಿ ಕೊಡುತ್ತೇನೆ."

ಅಳಿಲವ್ವನ ಹತ್ತಿರ ಇದ್ದದ್ದೇ ಒಂದು ಕಡಲೆಕಾಯಿ, ಗೂಡಿನಲ್ಲಿ ಹಸಿದ ಮರಿ. ಅದೊಂದನ್ನೇ ಬೆಳಿಗ್ಗೆ ಬಾದಾಮಿಯ ಪೊಟರೆಗೆ ಹಾಕುವಳು, ಸಂಜೆ ಮೆಲ್ಲಗೆ ತೆಗೆದು ಹುಣಸೆಯ ಹತ್ತಿರ ಬಚ್ಚಿಡುವಳು. ದಿನಾ ಇದೇ ಕಳ್ಳಾಟ! ಆ ಒಯ್ಯಾರಿ ಬಾದಾಮಿ ಬಂದದ್ದನ್ನು ಎಣಿಸಿತೇ ಹೊರತು ಹೋದದ್ದನ್ನು ನೋಡಲಿಲ್ಲ.

ಅಮಾವಾಸ್ಯೆ ಬಂತು. ಅಳಿಲವ್ವ ಮಣ್ಣಿನುಂಡೆ ಹಿಡಿದು ಹುಣಸೆಯ ಮುಂದೆ ನಿಂತಳು.

"ಅಜ್ಜಿ, ನಿನ್ನ ಪೊಟರೆ ಮುಚ್ಚಲು ಮನಸ್ಸು ಬರುತ್ತಿಲ್ಲ."

"ಮುಚ್ಚೇ ಹುಚ್ಚಿ, ಮರಿಯ ಹೊಟ್ಟೆ ನೋಡು," ಎಂದಿತು ಹುಣಸೆ.

ಮುಚ್ಚಿದಳು, ಬಾದಾಮಿ ಪಡೆದಳು. ಮರಿಗೆ ಹೊಟ್ಟೆ ತುಂಬಿದ ಮೇಲೆ ಓಡಿ ಬಂದು, ಮಣ್ಣಿನಲ್ಲಿ ತೂತು ಕೊರೆದು, ಒಂದು ಬಾದಾಮಿಯನ್ನು ಒಳಗೆ ತಳ್ಳಿದಳು.

"ಇದೇನೇ?"

"ನಿನ್ನಲ್ಲಿ ಹೊಸ ಖಾತೆ ತೆರೆದೆ, ಅಜ್ಜಿ. ಷರತ್ತು ಗಿರತ್ತು ಏನೂ ಇಲ್ಲ."

"ಹಾಗಾದರೆ ತೂತು ಇನ್ನಷ್ಟು ದೊಡ್ಡದು ಮಾಡೇ. ನಾಳೆ ನಿನ್ನ ಮರಿಯೂ ನುಗ್ಗಬೇಕಲ್ಲ."