ಟೇಪು ಸುತ್ತಿದ ವಿಮಾನ

ವಾರಿಜಮ್ಮ ರಿಮೋಟ್ ಹಿಡಿದು ಹಾರಿಸಲು ಕಲಿತದ್ದು ಥರ್ಮಾಕೋಲಿನ ಪುಟ್ಟ ವಿಮಾನವೊಂದರಲ್ಲಿ. ಈಗ ಅದರ ಮೈತುಂಬ ಟೇಪು. ಕಪಾಟಿನಲ್ಲಿ ಪಕ್ಕಕ್ಕೆ ಬಂದ ಹೊಸ ಮರದ ವಿಮಾನ, "ಇಷ್ಟು ಏಟು ತಿಂದವನ ಜೊತೆ ನನ್ನನ್ನು ಇಟ್ಟರಲ್ಲ" ಎಂದು ಮೂಗು ಮುರಿಯಿತು.

ಮರುದಿನ ಹೊಸದು ಮೈದಾನದಲ್ಲಿ ಹಾರಿ, ಒಂದು ಗೀರೂ ಇಲ್ಲದೆ ಮರಳಿತು. "ನಾನು ವಾರಿಜಮ್ಮನತ್ತ ಮುಖ ಮಾಡಿ ಬರುವಾಗ ನನ್ನ ಎಡ ಅವರಿಗೆ ಬಲವಾಗುತ್ತದೆ. ಆದರೂ ಅವರ ಬೆರಳು ತಪ್ಪಲಿಲ್ಲ. ಕಲಿಸಿದವರು ಯಾರು?" ಎಂದು ಕೇಳಿತು.

"ಮೈದಾನದಂಚಿನ ಹುಣಸೆಮರ," ಎಂದಿತು ಹಳೆಯದು ನೆಮ್ಮದಿಯಿಂದ. "ಅವರಿಗೆ ಎಡಬಲ ತಪ್ಪಿದಾಗಲೆಲ್ಲ ನಾನು ಹೋಗಿ ಅದಕ್ಕೆ ಬಡಿದುಕೊಂಡೆ. ನಿನ್ನ ಮೈಗೆ ಅಂಟಬೇಕಿದ್ದ ಟೇಪೆಲ್ಲ ನನ್ನ ಮೈಮೇಲಿದೆ."