ಜರಿ ರುಮಾಲು, ಕಟ್ಟಿದ ಹರಳು

ನಮ್ಮ ಗುರುಗಳು ಮೌನಾಚಾರ್ಯರು ಹೊಳೆಯ ಈ ದಂಡೆಯಲ್ಲಿ ಕೂತುಕೊಂಡೇ, ಆಚೆ ದಂಡೆಯಲ್ಲಿ ದೋಣಿ ಹತ್ತುವ ಹೆಂಗಸಿನ ಮೂಗಿನಲ್ಲಿರುವುದು ವಜ್ರವೋ ಗಾಜೋ ಹೇಳಿಬಿಡುತ್ತಿದ್ದರು. ಬಡಾಯಿ ಅಂದುಕೊಳ್ಳಬೇಡಿ. ಶಾಲೆಯ ಮೆಟ್ಟಿಲು ಹತ್ತದ ನಾನು ಹನ್ನೆರಡು ವರ್ಷ ಹರಳು ನೋಡುವುದು ಕಲಿತದ್ದು ಅವರ ಪಕ್ಕದಲ್ಲೇ.

ಅವರಿಗೆ ತಲೆಗೆ ಸುತ್ತುವ ಜರಿ ರುಮಾಲೊಂದಿತ್ತು. ಅದು ಬಿಸಿಲಿಗೆ ಹೊಳೆದರೆ ಆಚೆ ದಂಡೆಯ ದನಗಳು ಬೆದರುತ್ತಿದ್ದವು.

ಒಂದು ಸಲ ಗುರುಗಳಿಗೆ ಮಂಡಿನೋವು. ಅದೇ ದಿನ ಹೊನ್ನಾಜಮ್ಮ ಅನ್ನುವವರು ಬಂದರು. ಮಗಳ ಮದುವೆಗೆ ವಜ್ರದ ಮೂಗುಬೊಟ್ಟು ಕೊಳ್ಳಬೇಕು, ಎಂಥದ್ದು ಅಂತ ನೋಡಿ ಹೇಳಿ ಅಂದರು. ಬದಲಿಗೆ ಆಯಮ್ಮ ಕೊಡಬೇಕಿದ್ದದ್ದು ತನ್ನ ಅವ್ವನ ಚಿನ್ನದ ಡಾಬು. ಸೊಂಟಕ್ಕೆ ಕಟ್ಟುವ ಆ ಡಾಬು ಬಿಟ್ಟರೆ ಅವರ ಮನೆಯಲ್ಲಿ ಬೇರೆ ಚಿನ್ನವಿರಲಿಲ್ಲ.

"ನಾನು ಹೋಗ್ತೀನಿ ಗುರುಗಳೇ," ಅಂದೆ. ಅವರ ರುಮಾಲನ್ನೂ ಸುತ್ತಿಕೊಂಡೆ.

ಗುರುಗಳು ನೋಡಿದರು. ಮಂಡಿ ನೀವಿಕೊಂಡರು.

ಅಂಗಡಿಯಲ್ಲಿ ರುಮಾಲು ಕಂಡು ವಜ್ರದ ವ್ಯಾಪಾರಿ ಎದ್ದು ನಿಂತ. ಹಾಡಹಗಲೇ ದೀಪ ಹಚ್ಚಿ, ಅದರ ಮುಂದೆ ಮೂಗುಬೊಟ್ಟು ಹಿಡಿದ. ಕಡಲೆಕಾಳಿನಷ್ಟು ಹರಳು. ಅದನ್ನು ಕೂರಿಸಿದ ಚಿನ್ನದ ಕಟ್ಟಡದ ಹಿಂಬದಿ ಮುಚ್ಚಿತ್ತು. ನಾನು ಬಾಯಿಂದ ಉಸಿರು ಊದಿದೆ. ಗಾಜಾದರೆ ಆವಿ ನಿಲ್ಲುತ್ತದೆ; ಇದರ ಮೇಲೆ ಕೂತ ಗಳಿಗೆಗೇ ಮಾಯವಾಯಿತು.

"ವಜ್ರವೇ. ತಗೊಳ್ಳಿ ತಾಯಿ," ಅಂದೆ.

ಆದರೆ ವಜ್ರ ಕೊಳ್ಳುವವರು ಮೂರು ದಿನ ಮನೆಯಲ್ಲಿಟ್ಟುಕೊಂಡು, ಆಗಿಬರುತ್ತದೋ ಇಲ್ಲವೋ ನೋಡುವುದು ವಾಡಿಕೆ. ಹೊನ್ನಾಜಮ್ಮನೂ ಹಾಗೇ ಮಾಡಿದರು. ಮೂರನೆಯ ದಿನ ಡಾಬನ್ನು ಗಂಟು ಕಟ್ಟಿಕೊಂಡು, ವ್ಯಾಪಾರಿಯ ಜೊತೆ ಹೊಳೆ ದಂಡೆಗೆ ಬಂದರು.

"ಆಗಿಬಂತೇನಮ್ಮ?" ಗುರುಗಳು ಕೇಳಿದರು.

"ಬಂತು ಗುರುಗಳೇ. ಹಸು ಅವಳಿ ಕರು ಹಾಕ್ತು!"

"ಅದು ಹಸುವಿನ ಗುಣ. ಹರಳಿನದು ನೋಡೋಣ." ವ್ಯಾಪಾರಿಯ ಕಡೆ ತಿರುಗಿದರು. "ಹರಳು ಬಿಡಿಸಪ್ಪ."

"ಕಟ್ಟಡ ಕೆಡುತ್ತೆ ಸ್ವಾಮಿ. ನಿಮ್ಮ ಶಿಷ್ಯರೇ ನೋಡಿದ್ದಾರಲ್ಲ!"

"ಕೆಟ್ಟರೆ ನಾನು ಕಟ್ಟಿಕೊಡ್ತೀನಿ. ಬಿಡಿಸು."

ಬಿಡಿಸಿದ. ಹರಳಿನ ಕೆಳಗೆ, ಹೊಳಪು ಹೆಚ್ಚಿಸಲು ಇಟ್ಟ ಕನ್ನಡಿಯಂಥ ಬೆಳ್ಳಿ ತಗಡು.

ಗುರುಗಳು ಹರಳನ್ನು ಬಿಳಿ ಕಾಗದದ ಮೇಲೆ ಬೋರಲು ಹಾಕಿ, ಮರದ ನೆರಳಿಗೆ ಸರಿಸಿದರು. ದೀಪದ ಮುಂದೆ ಕಾಣದಿದ್ದ ಹಳದಿ, ಎಣ್ಣೆ ಬಿದ್ದ ಹಾಗೆ. ನಡುವೆ ಕಾಗೆ ಕಾಲೂರಿದ ಹಾಗೆ ಬಿರುಕು.

"ಆದರೂ ವಜ್ರವೇ ತಾನೇ ಗುರುಗಳೇ?" ಗತ್ತು ಬಿಡದೆ ಕೇಳಿದೆ.

"ವಜ್ರವೇ. ಎಂಥ ವಜ್ರ ಅಂತ ಆಯಮ್ಮ ಕೇಳಿದ್ದು."

ಹೊನ್ನಾಜಮ್ಮ ಡಾಬಿನ ಗಂಟನ್ನು ಮಡಿಲಿಗೆ ಎಳೆದುಕೊಂಡರು. "ನಿನ್ನ ರುಮಾಲು ನಂಬಿದ್ದೆ ಕಣಪ್ಪ," ಅಂದರು.

ವ್ಯಾಪಾರಿ ಹಣೆ ಒರೆಸಿಕೊಂಡು ಪೊಟ್ಟಣ ಬಿಚ್ಚಿದ. "ಇದನ್ನು ನೋಡಿ. ಚಿಕ್ಕದು. ಇನ್ನೂ ಕಟ್ಟಿಲ್ಲ."

ಗುರುಗಳು ಆ ಬಿಡಿ ಹರಳನ್ನು ನನ್ನ ಕಡೆ ತಳ್ಳಿದರು. ನಾನು ರುಮಾಲು ಸರಿಮಾಡಿಕೊಂಡೆ.

ಅವರು ಕೈ ಚಾಚಿ ರುಮಾಲು ತೆಗೆದರು. ಖಾಲಿ ಕಟ್ಟಡದ ಪಕ್ಕ ಇಟ್ಟರು.

"ಈಗ ನೋಡು."

ಬೋಳುತಲೆ ಸುಡುತ್ತಿತ್ತು. ಹರಳನ್ನು ಮೇಲಿಂದ ನೋಡಿದೆ, ಬೋರಲು ಹಾಕಿ ನೋಡಿದೆ, ಬಿಸಿಲಲ್ಲಿ ನೋಡಿದೆ, ನೆರಳಲ್ಲಿ ನೋಡಿದೆ. ಅಷ್ಟರಲ್ಲಿ ದೋಣಿ ಏಳು ಸಲ ಆಚೆ ಹೋಗಿ ಬಂತು.

"ಏನು?" ಅಂದರು ಗುರುಗಳು.

"ಬಣ್ಣ ಬಿಳುಪು. ಬಿರುಕಿಲ್ಲ. ಅಂಚಿನಲ್ಲಿ ಒಂದು ಚುಕ್ಕೆ ಇದ್ದ ಹಾಗಿದೆ... ಖಾತ್ರಿಯಿಲ್ಲ ಗುರುಗಳೇ. ಇನ್ನೊಂದು ಸಲ ನೋಡಬೇಕು."

ವ್ಯಾಪಾರಿ ನಕ್ಕುಬಿಟ್ಟ. "ನಿಮ್ಮ ಶಿಷ್ಯರಿಗೆ ಗೊತ್ತಾಗಲಿಲ್ಲ ಸ್ವಾಮಿ!"

ಗುರುಗಳು ನಗಲಿಲ್ಲ. ಅವತ್ತು ಅವರಾಡಿದ ಮಾತಿಗೆ ಉಬ್ಬಿದ ನನ್ನ ಎದೆ ಇವತ್ತಿಗೂ ಇಳಿದಿಲ್ಲ. ಹೊನ್ನಾಜಮ್ಮನ ಕಡೆ ತಿರುಗಿ ಹೇಳಿದರು:

"ಇನ್ನು ಇವನ ಮಾತು ಕೇಳಬಹುದು ಕಣಮ್ಮ."