ಏಳನೆಯ ಬಟ್ಟಲು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಹೋದ ವರ್ಷಕ್ಕಿಂತ ಈಗ ದುಪ್ಪಟ್ಟು ಹೊತ್ತು ಧ್ಯಾನದಲ್ಲಿ ಕೂರುತ್ತೇನೆ. ನನ್ನ ಜೊತೆಗೇ ಮಠಕ್ಕೆ ಬಂದ ಮುರಿಗೆಪ್ಪ ಕಣ್ಣು ಮುಚ್ಚಿದರೆ ಇನ್ನೂ ತೂಕಡಿಸುತ್ತಾನೆ. ಅವನಿಗಾಗಿ ಕಾಯದೆ ನನಗೆ ಮುಂದಿನ ಪಾಠ ಹೇಳಬಾರದೇ?"

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸಂಕ್ರಾಂತಿಯ ದಿನ ಮಗ್ಗ, ನೇಗಿಲು, ತಕ್ಕಡಿ ಎಲ್ಲಕ್ಕೂ ರಜೆ. ಅಂದು ಬೆಳಿಗ್ಗೆ ಊರವರು ಬಾವಿಕಟ್ಟೆಯಿಂದ ಗುಡ್ಡದ ತುದಿಗೆ ಓಡಿ ಹಿಂದಿರುಗುತ್ತಿದ್ದರು. ಹೊತ್ತು ಅಳೆಯಲು ಒಬ್ಬ ಮುದುಕ, ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಕೊಪ್ಪರಿಗೆಯಲ್ಲಿ ತೇಲಿಬಿಡುತ್ತಿದ್ದ. ಅದು ತುಂಬಿ ಮುಳುಗಿದರೆ ಒಂದು ಗಳಿಗೆ. ಆಗ ಗಂಟೆ ಬಾರಿಸಿ, ಬಟ್ಟಲನ್ನು ಎತ್ತಿ ಮತ್ತೆ ತೇಲಿಬಿಡುವುದು. ಯಾರು ಯಾರನ್ನು ಹಿಂದೆ ಹಾಕಿದರು ಎಂದು ಅಲ್ಲಿ ಕೇಳುವ ಪದ್ಧತಿಯಿರಲಿಲ್ಲ. ತಮ್ಮ ಹಿಂದಿನ ಓಟವನ್ನು ತಾವೇ ಮೀರಿದವರು ಆ ಬಟ್ಟಲನ್ನು ಅಂದು ಮನೆಗೆ ಒಯ್ಯಬಹುದಿತ್ತು.

ಆ ಊರಿನ ನೇಕಾರನೊಬ್ಬನಿಗೆ ಹನ್ನೆರಡು ವರ್ಷದಿಂದ ಒಂದೇ ಆಸೆ. ಮೊದಲ ಬಟ್ಟಲು ಮುಳುಗುವುದರೊಳಗೆ ಹಿಂದಿರುಗಬೇಕು. ಪ್ರತಿ ವರ್ಷವೂ ಅವನು ಹುಣಸೆಮರದ ಹತ್ತಿರ ಬರುವಷ್ಟರಲ್ಲಿ ಗಂಟೆ ಕೇಳಿಸಿಬಿಡುತ್ತಿತ್ತು. ಮಗ್ಗದಲ್ಲಿ ಕೂತು ಕೂತು ಮಂಡಿ ಬೇರೆ ಹಿಡಿದುಕೊಳ್ಳತೊಡಗಿತ್ತು. ಈ ಸಲ ಆಗದಿದ್ದರೆ ಇನ್ನಿಲ್ಲ ಎಂದು ಅವನಿಗೆ ಗೊತ್ತಿತ್ತು.

ಅಂದು ಹುಣಸೆಮರ ದಾಟಿದರೂ ಗಂಟೆ ಕೇಳಿಸಲಿಲ್ಲ. ಬಾವಿಕಟ್ಟೆಗೆ ಬಂದು ಬಿದ್ದವನು ತಲೆ ಎತ್ತಿ ನೋಡಿದರೆ ಬಟ್ಟಲಿನ ಅಂಚು ಇನ್ನೂ ನೀರಿನ ಮೇಲಿತ್ತು. ನೇಕಾರನಿಗೆ ಅಳುವೇ ಬಂತು.

ಉಳಿದವರೂ ಒಬ್ಬೊಬ್ಬರಾಗಿ ಬಂದರು. ಅವರಲ್ಲಿ ಯಾರೂ ತಮ್ಮ ಹಳೆಯ ಓಟವನ್ನು ಮೀರಿರಲಿಲ್ಲ. ಎಳ್ಳುಬೆಲ್ಲ ತಿನ್ನಲು ಮನೆಗೆ ಹೋದರು. ನೇಕಾರ ಬಟ್ಟಲಿಗೆ ಕೈ ಹಾಕಿದ. ಮುದುಕ ಅವನ ಕೈ ತಡೆದು ಅದನ್ನು ಮತ್ತೆ ತೇಲಿಬಿಟ್ಟ. ದಾರಿಯಲ್ಲಿ ಇನ್ನೂ ಒಬ್ಬರಿದ್ದಾರೆ, ಅವರು ಬರುವ ತನಕ ಬಟ್ಟಲನ್ನು ಕೊಡುವ ಹಾಗಿಲ್ಲ ಎಂದ. ಹೊಟ್ಟೆ ಚುರುಗುಟ್ಟುತ್ತಿತ್ತು. ಕೈಲಾಗದವರು ಯಾಕಾದರೂ ಓಡಬೇಕೋ ಎಂದು ಗೊಣಗುತ್ತ ನೇಕಾರ ಕೂತ. ನಾಲ್ಕು ಸಲ ಮುಳುಗಿತು, ಐದು ಸಲ ಮುಳುಗಿತು, ಆರು ಸಲವೂ ಮುಳುಗಿತು.

ಏಳನೆಯ ಸಲ ತೇಲುತ್ತಿರುವಾಗ ಒಬ್ಬ ಕುಂಬಾರಗಿತ್ತಿ ಬಂದಳು. ಲಕ್ವ ಹೊಡೆದ ಬಲಗಾಲನ್ನು ಎಳೆದುಕೊಂಡು ಬಂದಳು. ಅದನ್ನು ಓಟ ಎನ್ನಬೇಕಾದರೆ ಅವಳ ಮುಖವನ್ನೇ ನೋಡಬೇಕು.

ಕಟ್ಟೆ ಮುಟ್ಟಿ, "ಎಷ್ಟನೇದು ತಾತ?" ಎಂದಳು.

"ಏಳನೇದು ಕಣವ್ವ."

"ಹೋದ ವರ್ಷ ಒಂಬತ್ತಾಗಿತ್ತು" ಎಂದವಳು ಅಲ್ಲೇ ಕೂತು ಅತ್ತಳು.

ಆ ಅಳುವನ್ನು ನೇಕಾರ ಗುರುತಿಸಿದ. ಬೆಳಿಗ್ಗೆ ತನಗೆ ಬಂದದ್ದೂ ಅದೇ. ಒಂದು ಗಳಿಗೆ ಓಡಿ ತಾನು ನೆಲಕ್ಕೆ ಬಿದ್ದಿದ್ದ. ಇವಳು ಆರು ಗಳಿಗೆ ಕಳೆದ ಮೇಲೂ, ದಾರಿಯಲ್ಲಿ ನೋಡುವವರು ಒಬ್ಬರೂ ಇಲ್ಲದೆ, ನಿಲ್ಲದೆ ಬಂದಿದ್ದಳು. ಹನ್ನೆರಡು ವರ್ಷ ತಾನು ಓಡಿದ ಗುಡ್ಡ ಎಷ್ಟು ದೊಡ್ಡದೆಂದು ಅವನಿಗೆ ಕಂಡದ್ದು ಆಗಲೇ. ಕೊಪ್ಪರಿಗೆಯಿಂದ ಬಟ್ಟಲನ್ನು ಎತ್ತಿ, ಎರಡೂ ಕೈಯಲ್ಲಿ ಹಿಡಿದು, ಅವಳಿಗೆ ಕೊಟ್ಟ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ಕೇಳಿದರು:

"ಮುರಿಗೆಪ್ಪನದು ಎಷ್ಟನೆಯ ಬಟ್ಟಲೆಂದು ಎಂದಾದರೂ ಕೇಳಿದ್ದೀಯಾ?"